ಸ್ವಿಚ್ಚು ಅವರ ಕೈಯಲ್ಲಿ

ಫೆಬ್ರುವರಿ ೪, ಮಂಗಳವಾರ

ಸಾಮಿಲ್ಲಿನವನೂ ಇವತ್ತು ಕೈಯೆತ್ತಿಬಿಟ್ಟ. ತಮ್ಮ ತನ್ನ ಸೈಕಲ್ ಅಂಗಡಿಗೆ ಬೀಗ ಹಾಕಿ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದ. ಏಳಿಂಚು ಚೌಕದ ಎರಡು ತೊಲೆ ಇದೆ, ಹಳೇ ಗೋದಾಮು ಕೆಡವಿದಾಗ ತಂದದ್ದು, ಅಳತೆಗೆ ಕೊಯ್ದು ಕೊಡಬೇಕು ಎಂದೆ. ಹಳೇ ಮರ ಅಂದ ಕೂಡಲೇ ಆತ ಚಹಾದ ಲೋಟ ಕೆಳಗಿಟ್ಟು ಕೈಮುಗಿದ. ಅಂಥ ಮರದ ಹೊಟ್ಟೆಯಲ್ಲಿ ಎಲ್ಲೋ ಒಂದು ಮೊಳೆ ಮುರಿದು ಕೂತಿರುತ್ತದಂತೆ, ಅದಕ್ಕೆ ತಾಗಿದರೆ ಅವನ ದೊಡ್ಡ ಬ್ಲೇಡಿನ ಕಥೆ ಮುಗಿಯಿತಂತೆ. ಹೊಸ ಮರ ತನ್ನಿ, ಗಳಿಗೆಯಲ್ಲಿ ಕೊಯ್ದು ಕೊಡುತ್ತೇನೆ ಎಂದ. ಅಷ್ಟು ದಪ್ಪದ ಹೊಸ ಮರ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ, ನನ್ನ ಹತ್ತಿರವಂತೂ ಇಲ್ಲ ಎಂದ.

ಮನೆಯ ಹಿಂದಿನ ಶೆಡ್ಡಿನಲ್ಲಿ ಅರ್ಧ ನನ್ನ ಹೊಲಿಗೆ, ಅರ್ಧ ಇವರ ಮರಗೆಲಸ. ಮನೆ ಮನೆ ಸುತ್ತಿ ಕರೆಂಟು ಮೀಟರು ಓದುವ ಕೆಲಸದಿಂದ ನಿವೃತ್ತರಾದ ಮೇಲೆ ಇವರು ಹಗಲೆಲ್ಲ ಅಲ್ಲೇ ಇರುತ್ತಿದ್ದರು. ಶೆಡ್ಡಿನ ಎರಡು ಕಂಬ ಬುಡದಲ್ಲಿ ಕೊಳೆತಿದ್ದವು. ಹಳೆಯದನ್ನು ಕಿತ್ತು, ಶೆಡ್ಡಿನ ಮಾಡಿಗೆ ಅಡಿಯಿಂದ ಕಬ್ಬಿಣದ ಜಾಕಿ ಕೊಟ್ಟು ನಿಲ್ಲಿಸಿ, ತೊಲೆ ಕೊಯ್ಯಲು ಕೂರುವ ಹೊತ್ತಿಗೆ ಇವರಿಗೆ ಲಕ್ವ ಹೊಡೆದು ಬಲಭಾಗ ಬಿತ್ತು. ಈಗ ಮಾಡು ಜಾಕಿಯ ಮೇಲಿದೆ. ಜಾಕಿ ತಮ್ಮನ ಸ್ನೇಹಿತ ಕಂಟ್ರಾಕ್ಟರನದು. ಮುಂದಿನ ತಿಂಗಳ ಹತ್ತನೇ ತಾರೀಕಿಗೆ ಅವನಿಗೆ ವಾಪಸ್ಸು ಬೇಕು. ಅಷ್ಟರಲ್ಲಿ ಕಂಬ ಏಳದಿದ್ದರೆ ಶೆಡ್ಡು ಕೆಡವಬೇಕು, ಬೇರೆ ದಾರಿಯಿಲ್ಲ.

ಮನೆಗೆ ಬಂದು ಹೇಳಿದೆ. ಗೋಡೆ ನೋಡುತ್ತ ಮಲಗಿದ್ದವರು ತಿರುಗಲೂ ಇಲ್ಲ. "ಕೆಡವಿಸ್ಬಿಡು" ಎಂದರು. ಈಗ ಅವರ ಮಾತು ಅರ್ಧ ಬಾಯಲ್ಲೇ ಉಳಿಯುತ್ತದೆ, ಆದರೆ ಈ ಮಾತು ಮಾತ್ರ ಸ್ಪಷ್ಟವಾಗಿತ್ತು.

ಫೆಬ್ರುವರಿ ೬, ಗುರುವಾರ

ಬಡಗಿಗೆ ಮತ್ತೆ ಫೋನು ಮಾಡಿದೆ. ನಾಳೆ ಬರುತ್ತಾನಂತೆ. ಹೊಸ ವರ್ಷದಿಂದ ಅವನ ನಾಳೆ ನಡೆಯುತ್ತಲೇ ಇದೆ. ನಾನೀಗ ಅವನಿಗೆ ನಾಳೆಪ್ಪ ಎಂದೇ ಹೆಸರಿಟ್ಟಿದ್ದೇನೆ.

ವ್ಯಾಯಾಮ ಮಾಡಿಸುವಾಕೆ ಬಂದಿದ್ದರು. ಒಳ್ಳೆಯ ಹೆಂಗಸು, ನನ್ನದೇ ವಯಸ್ಸು, ಬಾಯಿ ಸ್ವಲ್ಪ ಜೋರು. ಕೋಲು ಹಿಡಿದು ಅಂಗಳದವರೆಗೆ ಬನ್ನಿ ಎಂದರೆ ಇವರು ಬಚ್ಚಲ ಬಾಗಿಲಿಗೇ ನಿಂತುಬಿಟ್ಟರು. ಅಷ್ಟಕ್ಕೂ ಒಂದು ಕಡೆ ಕೋಲು ಬೇಕು, ಇನ್ನೊಂದು ಕಡೆ ನಾನು ಬೇಕು. ಕೈಗೆ ರಬ್ಬರ್ ಚೆಂಡು ಕೊಟ್ಟರೆ ಹಾಸಿಗೆಯ ಕೆಳಗೆ ಬಿಡುತ್ತಾರೆ. ಹೋಗುವಾಗ ಆಕೆ ಬಾಗಿಲ ಹೊರಗೆ ನಿಂತು ನನಗೆ ಹೇಳಿದರು, ಕಾಲಿನಲ್ಲಿ ಶಕ್ತಿ ಬರುತ್ತಿದೆ, ಮನಸ್ಸಿನಲ್ಲಿ ಇಲ್ಲ, ಹೀಗೇ ಬಿಟ್ಟರೆ ಹಾಸಿಗೆಯೇ ಗತಿ ಎಂದು. ನನಗೆ ಇವರ ಮೇಲೆ ಕೋಪ ಬಂತು.

ತಮ್ಮ ತನ್ನ ಮನೆಗೆ ಬಂದುಬಿಡಿ ಎನ್ನುತ್ತಿದ್ದಾನೆ. ನನ್ನ ಮಿಷನ್ನನ್ನು ಅವನ ಮನೆಯ ಪಡಸಾಲೆಯಲ್ಲಿ ಹಾಕಿಕೊಳ್ಳಬಹುದಂತೆ. ಇವರನ್ನು ಎಲ್ಲಿ ಹಾಕಿಕೊಳ್ಳಲಿ ಎಂದು ಕೇಳಲಿಲ್ಲ.

ಫೆಬ್ರುವರಿ ೭, ಶುಕ್ರವಾರ

ನಾಳೆಪ್ಪ ಬರಲಿಲ್ಲ. ರೇಗಿಹೋಯಿತು. ಇವರ ಕೈಗರಗಸ ತೆಗೆದುಕೊಂಡು ಹೋಗಿ ತೊಲೆಯ ಮೇಲೆ ಕಾಲಿಟ್ಟು ಎಳೆಯಲು ಶುರುಮಾಡಿದೆ. ಬಟ್ಟೆ ಕತ್ತರಿಸಿ ಕತ್ತರಿಸಿ ಹೆಬ್ಬೆರಳಲ್ಲಿ ಜಡ್ಡು ಬಿದ್ದಿರುವ ಕೈ ಇದು, ಇದಕ್ಕೆ ಮರ ಯಾವ ಲೆಕ್ಕ ಎಂದುಕೊಂಡಿದ್ದೆ. ಮರ ನನ್ನನ್ನೇ ಲೆಕ್ಕಕ್ಕೆ ಹಿಡಿಯಲಿಲ್ಲ. ಗರಗಸ ಜಾರಿತು, ಕುಪ್ಪಳಿಸಿತು, ಕೊನೆಗೆ ಒಂದು ಬೆರಳಾಳದಲ್ಲಿ ಸಿಕ್ಕಿಕೊಂಡು ಅಲ್ಲೇ ನಿಂತಿತು.

ಒಳಗಿನಿಂದ ಇವರ ಕೂಗು. ಮೊದಲು ಅರ್ಥವಾಗಲಿಲ್ಲ. ಓಡಿ ಹೋದೆ, ಬಿದ್ದರೇನೋ ಎಂದು. ಕೂತಿದ್ದರು, ಮುಖ ಕೆಂಪಾಗಿತ್ತು. "ಹೆಬ್ಬೆರಳು... ಹೆಬ್ಬೆರಳೆಲ್ಲಿ ಇಟ್ಕೊಂಡಿದ್ದೆ?" ಎಂದರು. ಶಬ್ದ ಕೇಳಿಯೇ ಗೊತ್ತಾಯಿತಂತೆ, ಗರಗಸ ಹಿಡಿದವಳಿಗೆ ಹಿಡಿಯಲು ಬರುವುದಿಲ್ಲ ಎಂದು. ಬರುವುದಿಲ್ಲ, ನಿಜ, ಬರುವವರು ಗೋಡೆ ನೋಡುತ್ತ ಮಲಗಿದ್ದಾರಲ್ಲ ಎಂದೆ. ಅನ್ನಬಾರದಿತ್ತು. ಅಂದು ಆಯಿತು.

ಇವರು ಕೋಲಿಗೆ ಕೈ ಚಾಚಿದರು. ಹಿಡಿದು ನಡೆಸಿಕೊಂಡು ಹೋಗಿ ಶೆಡ್ಡಿನಲ್ಲಿ ಕುರ್ಚಿ ಹಾಕಿ ಕೂರಿಸಿದೆ. ದಾರಿಯುದ್ದಕ್ಕೂ ಬೈದರು. ಸಿಕ್ಕಿಕೊಂಡ ಗರಗಸ ನೋಡಿ ಇನ್ನೊಂದು ಸುತ್ತು ಬೈದರು.

ಫೆಬ್ರುವರಿ ೧೦, ಸೋಮವಾರ

ಒಪ್ಪಂದವಾಗಿದೆ. ನಾನು ಕೊಯ್ಯುವುದು, ಇವರು ಹೇಳುವುದು. ಮೊದಲ ಷರತ್ತು: ಕರೆಂಟು ಗರಗಸದ ಪ್ಲಗ್ಗು ಇವರ ಕುರ್ಚಿಯ ಪಕ್ಕದ ಬೋರ್ಡಿನಲ್ಲೇ ಇರಬೇಕು, ಸ್ವಿಚ್ಚು ಇವರ ಎಡಗೈಯಲ್ಲಿ. ಇವರು ಹಾಕಿದರೆ ಉಂಟು, ತೆಗೆದರೆ ಇಲ್ಲ. ಜೀವಮಾನವೆಲ್ಲ ಊರಿನವರ ಮೀಟರು ನೋಡಿದವರು, ಈಗ ನನ್ನ ಫ್ಯೂಸು ಇವರ ಕೈಗೆ ಸಿಕ್ಕಿತು.

ಇನ್ನೂ ಷರತ್ತುಗಳಿವೆ. ಜೋಲಾಡುವ ಬಟ್ಟೆ ಕೂಡದು. ಇವರ ಹಳೇ ಖಾಕಿ ಅಂಗಿ ತೆಗೆದು ತೋಳು ಕತ್ತರಿಸಿ ಅಂಚು ಮಡಿಚಿ ಹೊಲಿದುಕೊಂಡೆ, ನನ್ನ ಅಂಗಿ ಹಾಳು ಮಾಡಿದೆ ಎಂದರು. ಕನ್ನಡಕ ಬಿಟ್ಟು ಗರಗಸ ಮುಟ್ಟಕೂಡದು. ಬ್ಲೇಡಿನ ಮುಚ್ಚಳವನ್ನು ಏನೇ ಆದರೂ ಎತ್ತಿ ಕಟ್ಟಕೂಡದು. ಮತ್ತೆ, ಗರಗಸದ ಹಿಂದೆ ನಿಲ್ಲಬಾರದು, ಪಕ್ಕ ನಿಲ್ಲಬೇಕು. ಅದು ಒದ್ದರೆ ಹಿಂದಕ್ಕೇ ಒದೆಯುತ್ತದಂತೆ.

ಕೊಯ್ಯುವ ಕ್ರಮ ಹೀಗೆ. ಬ್ಲೇಡು ಎರಡೂವರೆ ಇಂಚಿಗಿಂತ ಆಳ ಇಳಿಯುವುದಿಲ್ಲ, ಮರ ಏಳಿಂಚು. ಆದ್ದರಿಂದ ನಾಲ್ಕು ಮುಖದ ಮೇಲೂ ಸುತ್ತ ಗೆರೆ ಎಳೆದು, ಒಂದೊಂದು ಮುಖ ಮೇಲೆ ಮಾಡಿ ಎರಡೂವರೆ ಇಂಚು ಕೊಯ್ಯುವುದು. ನಡುವೆ ಎರಡಿಂಚಿನ ತಿರುಳು ಉಳಿಯುತ್ತದೆ, ಅದು ಕೈಗರಗಸದ ಪಾಲು. ಇಷ್ಟು ಹೇಳಲು ಇವರಿಗೆ ಊಟದ ಹೊತ್ತಾಯಿತು. ಮಾತು ಸಿಗದಿದ್ದಾಗ ಎಡಗೈಯಿಂದ ಗಾಳಿಯಲ್ಲಿ ಬರೆದು ತೋರಿಸುತ್ತಾರೆ. ಆಸ್ಪತ್ರೆಯಿಂದ ಬಂದ ಮೇಲೆ ಇಷ್ಟು ಮಾತಾಡಿದ್ದು ಇವತ್ತೇ, ಎಲ್ಲವೂ ನನ್ನ ತಪ್ಪು ಹೇಳುವುದಕ್ಕೆ.

ಫೆಬ್ರುವರಿ ೧೨, ಬುಧವಾರ

ಮೊಳೆ ಬೇಟೆ. ಕಣ್ಣಿಗೆ ಕಾಣುವ ಮೊಳೆಗಳನ್ನು ಇವರು ತೋರಿಸಿದರು, ನಾನು ಕಿತ್ತೆ. ಇನ್ನಿಲ್ಲ, ಮುಗಿಯಿತು ಎಂದರು. ನನಗೆ ಸಾಮಿಲ್ಲಿನವನ ಮಾತು ನೆನಪಿಗೆ ಬಂತು. ನೆಲಕ್ಕೆ ಬಿದ್ದ ಗುಂಡುಸೂಜಿ ಆರಿಸಲು ನನ್ನ ಹತ್ತಿರ ಒಂದು ಮ್ಯಾಗ್ನೆಟ್ಟು ಇದೆ. ಅದನ್ನು ದಾರಕ್ಕೆ ಕಟ್ಟಿ ತೊಲೆಯ ಮೇಲೆ ಇಳಿಬಿಟ್ಟು ನಿಧಾನಕ್ಕೆ ನಡೆಸಿದೆ. ಗೆರೆ ಎಳೆಯಬೇಕಾದ ಜಾಗಕ್ಕೆ ಸರಿಯಾಗಿ ಅದು ಪಕ್ಕಕ್ಕೆ ಎಳೆದು ಮರಕ್ಕೆ ಅಂಟಿತು. ಕೆತ್ತಿ ನೋಡಿದರೆ ತಲೆಯಿಲ್ಲದ ಮೊಳೆ, ಕಿರುಬೆರಳುದ್ದ.

ಇವರು ಮೊಳೆಯನ್ನು ಅಂಗೈಯಲ್ಲಿಟ್ಟುಕೊಂಡು ತುಂಬ ಹೊತ್ತು ನೋಡಿದರು. ಶಭಾಷ್ ಅನ್ನಲಿಲ್ಲ. "ಇನ್ನೊಂದು ತೊಲೆ ಮೇಲೂ ಆಡ್ಸು ಅದನ್ನ" ಎಂದರು. ಇವರ ಬಾಯಲ್ಲಿ ಅದೇ ಶಭಾಷ್.

ಫೆಬ್ರುವರಿ ೧೬, ಭಾನುವಾರ

ತಮ್ಮ ಬಂದಿದ್ದ, ಪೈಪಿನ ತುಂಡು ತಂದಿದ್ದ. ತೊಲೆಯ ಅಡಿಗೆ ಪೈಪು ಸೇರಿಸಿದರೆ ಅದು ತಾನಾಗಿ ಉರುಳುತ್ತದೆ, ಹಾರೆ ಮೀಟಿದರೆ ಹೊರಳುತ್ತದೆ. ಭಾರ ಎತ್ತಬಾರದು, ಭಾರವನ್ನು ಒಪ್ಪಿಸಬೇಕು ಎಂದರು ಇವರು. ಈ ಬುದ್ಧಿ ಮನುಷ್ಯರ ವಿಷಯದಲ್ಲಿ ಯಾಕೆ ಇಲ್ಲವೋ.

ಬೇಡದ ತುದಿಯಲ್ಲಿ ಗೆರೆ ಎಳೆದು ಅಭ್ಯಾಸ ಮಾಡಿದೆ. ನಾಲ್ಕು ಮುಖ ಸುತ್ತಿ ಬಂದ ಗೆರೆ ಹೊರಟ ಜಾಗಕ್ಕೆ ಬಂದು ಸೇರಲೇ ಇಲ್ಲ, ಕಾಲಿಂಚು ಆಚೆ. ಮರ ಡೊಂಕು ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದರು, ಪೂರ್ತಿ ಗಾದೆ, ಒಂದಕ್ಷರ ತಪ್ಪದೆ. ಗೆರೆ ನೇರವಾಗಿ ಎಳೆಯಲು ಇಡುವ ಮೂಲೆಮಟ್ಟವನ್ನು ಯಾವಾಗಲೂ ಅದೇ ಎರಡು ಮುಖಕ್ಕೆ ಒತ್ತಿ ಹಿಡಿಯಬೇಕಂತೆ. ಆ ಎರಡು ಮುಖಕ್ಕೆ ಸೀಮೆಸುಣ್ಣದ ಗುರುತು ಹಾಕಿಸಿದರು. ಬಟ್ಟೆಗೆ ಒಳಮೈ ಹೊರಮೈ ಇದ್ದ ಹಾಗೆ ಎಂದುಕೊಂಡೆ, ಕೂಡಲೇ ತಲೆಗೆ ಹೋಯಿತು. ಎರಡನೇ ಸಲ ಗೆರೆ ಸೇರಿತು. ನನ್ನ ಪಾಡಿಗೆ ನಾನು ನಕ್ಕಿದ್ದನ್ನು ತಮ್ಮ ನೋಡಿ, ಅಕ್ಕ, ನಿನಗೇನಾಯ್ತು ಎಂದ.

ಫೆಬ್ರುವರಿ ೧೯, ಬುಧವಾರ

ಇವತ್ತು ನಿಜವಾದ ಕೊಯ್ತ. ಎಂಟಡಿ ಹತ್ತಿರದ ಕಂಬ, ಹನ್ನೆರಡಡಿ ತೊಲೆ. ಇವರ ವರಸೆ ನೋಡಿ ಸಾಕಾಗಿದೆ. ಮೊದಲ ಮುಖದಲ್ಲಿ ಎರಡು ಸಲ ಸ್ವಿಚ್ಚು ತೆಗೆದರು. ಎರಡನೆಯದರಲ್ಲಿ ಮತ್ತೆ. ಯಾಕೆ ಎಂದರೆ, ದನಿ ದಪ್ಪ ಆಯಿತು ಎನ್ನುತ್ತಾರೆ. ಯಾರ ದನಿ, ನನ್ನದೋ ಗರಗಸದ್ದೋ? ನನ್ನ ಕಿವಿಗೆ ಎಲ್ಲ ಒಂದೇ ಕಿರಚಾಟ. ನಾನು ಬಾಗಿ, ಕೈ ನೆಟ್ಟು, ಉಸಿರು ಹಿಡಿದು ಗೆರೆ ಹಿಡಿದಿರುವಾಗ ಟಕ್ ಎಂದು ಎಲ್ಲ ಸತ್ತುಹೋಗುತ್ತದೆ. ಅಧಿಕಾರ ಚಲಾಯಿಸುವ ಸುಖ, ಬೇರೇನಿಲ್ಲ.

ವ್ಯಾಯಾಮದಾಕೆ ಮಧ್ಯದಲ್ಲಿ ಬಂದವರು ಇವರಿಗೆ, ಸ್ವಿಚ್ಚನ್ನು ಬಲಗೈ ಬೆರಳಲ್ಲೇ ಒತ್ತಿ, ಒಳ್ಳೆ ವ್ಯಾಯಾಮ ಎಂದರು. ಇವರು ತಲೆಯಲ್ಲಾಡಿಸಿದರು. "ಗರಗಸದ ಹತ್ರ ಆಟ ಬೇಡ. ತಡ ಆದ್ರೆ ಅವಳ ಕೈ ಹೋಗುತ್ತೆ." ಆಕೆ ನನ್ನ ಮುಖ ನೋಡಿದರು. ನನಗೆ ಇವರ ಆ ಮಾತೂ ಮೊಂಡುತನವಾಗಿಯೇ ಕಂಡಿತು.

ಮೂರನೇ ಮುಖ ಮುಗಿದಾಗ ಇವತ್ತಿಗೆ ಸಾಕು, ನಿನ್ನ ಕೈ ಸೋತಿದೆ ಎಂದು ಪ್ಲಗ್ಗನ್ನೇ ಕಿತ್ತರು. ನನ್ನ ಕೈ ಸೋತದ್ದು ನನಗೆ ಗೊತ್ತಾಗುವುದಿಲ್ಲವೇ? ಇನ್ನೊಂದೇ ಮುಖ ಇತ್ತು. ರಾತ್ರಿ ತಟ್ಟೆಯನ್ನು ಸದ್ದಾಗುವ ಹಾಗೆ ಇಟ್ಟು ಬಡಿಸಿದೆ.

ಫೆಬ್ರುವರಿ ೨೦, ಗುರುವಾರ

ಇವತ್ತಿನದನ್ನು ಇವತ್ತೇ ಬರೆದಿಡುತ್ತೇನೆ.

ಮಧ್ಯಾಹ್ನ ಇವರು ಊಟ ಮಾಡಿ ಮಲಗಿದ ಮೇಲೆ ಶೆಡ್ಡಿಗೆ ಹೋದೆ. ಗರಗಸದ ಪ್ಲಗ್ಗನ್ನು ನನ್ನ ಹೊಲಿಗೆ ಮಿಷನ್ನಿನ ಬೋರ್ಡಿಗೆ ಹಾಕಿಕೊಂಡೆ. ತೊಲೆಯ ತುದಿ, ಅಡಿಗೆ ಆಸರೆಯಾಗಿ ಇಟ್ಟಿದ್ದ ಮರದ ದಿಂಬಿನಿಂದಾಚೆ ಜೋತಾಡುತ್ತಿತ್ತು. ಬಟ್ಟೆ ಕತ್ತರಿಸುವಾಗ ಮೇಜಿನಿಂದ ಜೋತುಬೀಳುವ ತುದಿಗೆ ಆಸರೆ ಕೊಡದಿದ್ದರೆ ಎಳೆದು ಅಳತೆ ಕೆಡುತ್ತದೆ. ಇಷ್ಟು ವರ್ಷ ನಾನು ಹಾಗೆಯೇ ಮಾಡಿದ್ದು. ಅದೇ ಬುದ್ಧಿಯಲ್ಲಿ, ಗೆರೆಯ ಪಕ್ಕದಲ್ಲಿದ್ದ ದಿಂಬನ್ನು ಹಾರೆಯಿಂದ ಮೀಟಿ ತೆಗೆದು ತುದಿಯ ಅಡಿಗೆ ಕೊಟ್ಟೆ. ಅಚ್ಚುಕಟ್ಟಾಗಿ ಕಂಡಿತು.

ಅರ್ಧ ಗೆರೆ ದಾಟುವಷ್ಟರಲ್ಲಿ ತೊಲೆ ನಡುವೆ ಕುಸಿದು ಕೊಯ್ದ ಗೀರು ಬಾಯಿ ಮುಚ್ಚಿತು. ಬ್ಲೇಡನ್ನು ಕಚ್ಚಿ ಹಿಡಿಯಿತು. ಗರಗಸದ ದನಿ ದಪ್ಪವಾಯಿತು, ನಿಜವಾಗಿ ದಪ್ಪವಾಯಿತು, ಇವತ್ತು ನನಗೂ ಕೇಳಿಸಿತು. ನಿಲ್ಲಿಸುವ ಬದಲು ಒತ್ತಿದೆ. ಗರಗಸ ಹಿಂದಕ್ಕೆ ಒದ್ದು ನನ್ನ ಸೊಂಟದ ಪಕ್ಕದಿಂದ ಹಾರಿತು. ಪಕ್ಕ ನಿಂತಿದ್ದೆ, ಅದಕ್ಕೆ ಬರೆಯುತ್ತಿದ್ದೇನೆ. ಖಾಕಿ ಅಂಗಿಯ ಅಂಚು ಒಂದು ಗೇಣು ಹರಿದು ಹೋಯಿತು. ಮೈಗೆ ತಾಗಲಿಲ್ಲ.

ತಿರುಗಿ ನೋಡಿದರೆ ಇವರು. ನನ್ನ ಮಿಷನ್ನಿನ ಮೇಲೆ ಭಾರ ಹಾಕಿ ನಿಂತು, ಕಿತ್ತ ಪ್ಲಗ್ಗನ್ನು ಹಿಡಿದಿದ್ದರು. ಏನು ಬೈದರು ಎಂದು ಬರೆಯುವುದಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ಹಾಗೆ ಬೈದಿರಲಿಲ್ಲ. ನಾನೂ ಬೈದೆ, ನಿಮ್ಮಿಂದಲೇ ಹೀಗಾಯಿತು ಎಂದೆ. ಆಮೇಲೆ ಇವರು ನನ್ನ ಹರಿದ ಅಂಗಿಯ ಅಂಚನ್ನು ಹಿಡಿದುಕೊಂಡವರು ಬಿಡಲೇ ಇಲ್ಲ.

ಫೆಬ್ರುವರಿ ೨೧, ಶುಕ್ರವಾರ

ಬೆಳಿಗ್ಗೆ ಹಾಸಿಗೆ ಮಡಿಸುವಾಗ ನೋಡಿದೆ. ಕೋಲು ಮಂಚದ ತಲೆಗೆ ನೇತುಹಾಕಿದ ಹಾಗೆಯೇ ಇತ್ತು. ನಿನ್ನೆ ಊಟವಾದ ಮೇಲೆ ನಾನೇ ನೇತುಹಾಕಿದ್ದು. ಸಂಜೆ ಇವರನ್ನು ಶೆಡ್ಡಿನಿಂದ ಒಳಗೆ ಕರೆತಂದವಳು ನಾನು, ನನ್ನ ಹೆಗಲು ಕೊಟ್ಟು. ಕೋಲು ಅಲ್ಲಿಗೆ ಬಂದೇ ಇರಲಿಲ್ಲ.

ಕೋಣೆ, ಪಡಸಾಲೆ, ಹಿಂಬಾಗಿಲ ಹೊಸ್ತಿಲು, ಅಂಗಳ. ಬಚ್ಚಲ ಬಾಗಿಲಿಗೆ ನಿಂತುಬಿಡುವ ಮನುಷ್ಯ.

ಮಂಚದ ಮೇಲೆ ಕೂತು ಅತ್ತೆ. ಅಳು ನಿಂತ ಮೇಲೆ ಹೋಗಿ, ಹೇಗೆ ಬಂದಿರಿ ಎಂದು ಕೇಳಿದೆ. ನೆನಪಿಲ್ಲವಂತೆ. ದನಿ ಕೇಳಿಸಿತು, ಮುಂದಿನದು ನೆನಪಿಲ್ಲ ಎಂದರು. ಆಮೇಲೆ ಹೇಳಿದರು, ನನಗೆ ಮಾತು ಪೂರ್ತಿ ಬರೋಲ್ಲ, ಕಿವಿ ಮಾತ್ರ ಪೂರ್ತಿ ಇದೆ, ಅದನ್ನಾದ್ರೂ ಉಪಯೋಗಿಸ್ಕೋ.

ಸರಿ ಎಂದೆ.

ಫೆಬ್ರುವರಿ ೨೭, ಗುರುವಾರ

ಒಂದು ವಾರ ಗರಗಸ ಮುಟ್ಟಿರಲಿಲ್ಲ. ಹೊಲಿಗೆ ಬಾಕಿ ತೀರಿಸಿದೆ, ಖಾಕಿ ಅಂಗಿಗೆ ತೇಪೆ ಹಾಕಿದೆ. ಇವತ್ತು ಇವರೇ ಹೊರಡು ಎಂದರು.

ದಿಂಬನ್ನು ಮತ್ತೆ ಗೆರೆಯ ಪಕ್ಕಕ್ಕೆ ತಂದೆವು. ಕಂಬವಾಗಿ ಉಳಿಯುವ ಭಾಗ ಗಟ್ಟಿಯಾಗಿ ಕೂರಬೇಕು, ಬೀಳುವ ಭಾಗಕ್ಕೆ ಬೀಳುವ ಸ್ವಾತಂತ್ರ್ಯ ಇರಬೇಕು. "ಗೀರು ಬಾಯಿ ತೆರೀಬೇಕು, ಮುಚ್ಚಬಾರ್ದು" ಎಂದು ಇವರು ನೂರು ಸಲ ಹೇಳಿದ್ದಾರೆ, ನಾನು ನೂರಾ ಒಂದನೇ ಸಲ ಕೇಳಿದೆ. ತುಂಡು ಬಿದ್ದು ಕಾಲು ಜಜ್ಜದಿರಲಿ ಎಂದು ಕೆಳಗೆ ನಾಲ್ಕು ಬೆರಳು ಬಿಟ್ಟು ಗೋಣಿಚೀಲ ಒಟ್ಟಿದೆವು. ಕೊಯ್ದಷ್ಟಕ್ಕೆ ಒಂದು ತೆಳು ಬೆಣೆ ಸಿಕ್ಕಿಸಿದೆ. ನಡುವೆ ಒಮ್ಮೆ ದನಿ ಬದಲಾಯಿತು. ನಾನು ಕೈ ಬಿಡುವುದೂ ಇವರು ಸ್ವಿಚ್ಚು ತೆಗೆಯುವುದೂ ಒಟ್ಟಿಗೇ ಆಯಿತು.

ತಿರುಳು ಕೊಯ್ಯುವಾಗ ತೊಲೆ ಅಲುಗುತ್ತಿತ್ತು. ಇವರು ಎದ್ದು ಬಂದು ಅದರ ಮೇಲೆ ಕೂತರು. ಮೇಸ್ತ್ರಿಗಳ ಮೈಭಾರಕ್ಕೆ ಕೊನೆಗೂ ಒಂದು ಉಪಯೋಗ ಸಿಕ್ಕಿತು ಎಂದೆ. ಕೈಗರಗಸವನ್ನು ಒತ್ತಬಾರದು, ಎಳೆದರೆ ಸಾಕು, ಮರವೇ ದಾರಿ ಕೊಡುತ್ತದೆ. ಕೊಟ್ಟಿತು. ತುಂಡು ಗೋಣಿಯ ಮೇಲೆ ಧೊಪ್ ಎಂದು ಕೂತಿತು. ಕೊಯ್ದ ಮುಖ ಒಳಗೆ ಎಂಥ ಕೆಂಪು, ಇಷ್ಟು ಹಳೇ ಮರದಲ್ಲಿ ಇನ್ನೂ ವಾಸನೆ ಇತ್ತು. ಕೈಯಾಡಿಸುತ್ತ ನಿಂತುಬಿಟ್ಟೆ. ಅಡುಗೆ ತಡವಾಯಿತು.

ಮಾರ್ಚ್ ೨, ಭಾನುವಾರ

ಮೊದಲ ಕಂಬ ಎಬ್ಬಿಸುವ ದಿನ. ತಮ್ಮ ಇಬ್ಬರು ಸ್ನೇಹಿತರನ್ನು ಕರೆತಂದಿದ್ದ. ನಿಲ್ಲಿಸಿ ನೋಡಿದರೆ ಮೇಲಿನ ಅಡ್ಡತೊಲೆಗೂ ಕಂಬದ ತಲೆಗೂ ನಡುವೆ ಒಂದು ಬೆರಳು ಬೆಳಕು.

ಗಿಡ್ಡ. ಏಳಿಂಚಿನ ಮರವನ್ನು ಗೆರೆ ತಪ್ಪದೆ ಕೊಯ್ದು, ಕಂಬ ಗಿಡ್ಡ. ಉದ್ದವಾಗಿದ್ದರೆ ಕೆರೆಯಬಹುದು, ಗಿಡ್ಡಕ್ಕೆ ಯಾವ ಮದ್ದೂ ಇಲ್ಲ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಎರಡು ಸಲ ಅಳೆದಿದ್ದೆ, ಬರೆದಿಟ್ಟುಕೊಂಡಿದ್ದೆ. ಮೇಲೆ ಏನಾದರೂ ಚೂರು ತುರುಕೋಣ ಎಂದ ತಮ್ಮ. ಇವರು ಬೈಯಲಿ ಎಂದು ಕಾದೆ.

ಎತ್ತರ ಅಳೆದದ್ದು ಯಾವುದರಲ್ಲಿ ಎಂದು ಕೇಳಿದರು. ನನ್ನ ಕೊರಳಲ್ಲಿ ಯಾವಾಗಲೂ ಇರುವ ಬಟ್ಟೆಯ ಟೇಪಿನಲ್ಲಿ, ಇನ್ಯಾವುದರಲ್ಲಿ. ಮರದ ಮೇಲೆ ಗುರುತು ಹಾಕಿದ್ದು? ನಿಮ್ಮ ಉಕ್ಕಿನ ಟೇಪಿನಲ್ಲಿ, ನೀವೇ ತುದಿ ಹಿಡಿದಿದ್ದಿರಲ್ಲ. ಎರಡನ್ನೂ ತರಿಸಿಕೊಂಡು ತೊಲೆಯ ಮೇಲೆ ಪಕ್ಕಪಕ್ಕ ಚಾಚಿಸಿದರು. ನನ್ನ ಅರವತ್ತು ಇಂಚು ಅವರ ಅರವತ್ತನ್ನು ದಾಟಿ ಹೋಗಿ ಅರ್ಧ ಇಂಚು ಆಚೆ ಕೂತಿತ್ತು. ವರ್ಷಾನುಗಟ್ಟಲೆ ಕೊರಳಲ್ಲಿ ಜೋತು, ಎಳೆಸಿಕೊಂಡು, ಟೇಪೇ ಹಿಗ್ಗಿಹೋಗಿದೆ. ಹಿಗ್ಗಿದ ಟೇಪಿನಲ್ಲಿ ಅಳೆದರೆ ಎತ್ತರ ಕಮ್ಮಿ ತೋರಿಸದೆ ಏನು ಮಾಡುತ್ತದೆ.

ಇವರ ಮುಖ ಒಂದು ಪಕ್ಕಕ್ಕೆ ಎಳೆಯಿತು. ಮತ್ತೆ ಲಕ್ವ ಎಂದು ನನ್ನ ಜೀವ ಬಾಯಿಗೆ ಬಂತು. ಅಲ್ಲ, ನಗುತ್ತಿದ್ದರು. ಈಗ ನಗು ಸೊಟ್ಟಗೆ ಬರುತ್ತದೆ, ನಾನು ನೋಡಿಯೇ ಇರಲಿಲ್ಲ. "ಊರಿನೋರಿಗೆಲ್ಲ ಇದ್ರಲ್ಲೇ ಹೊಲ್ದಿದ್ದೀಯಾ?" ಎಂದರು. ಮೈಯನ್ನೂ ಬಟ್ಟೆಯನ್ನೂ ಒಂದೇ ಟೇಪಿನಲ್ಲಿ ಅಳೆದರೆ ಯಾವ ತಪ್ಪೂ ಆಗುವುದಿಲ್ಲ, ಇಷ್ಟು ವರ್ಷ ಒಬ್ಬರ ಮೈಗೂ ಬಿಗಿಯಾಗಿಲ್ಲ ಎಂದೆ. ಆಮೇಲೆ ನೆನಪಾಯಿತು, ಫೋನಿನಲ್ಲಿ ಅಳತೆ ಹೇಳಿದವರೆಲ್ಲ ಸಡಿಲ ಸಡಿಲ ಎಂದು ವಾಪಸ್ಸು ತರುತ್ತಿದ್ದರು. ನೀವೇ ಇಳಿದುಹೋಗಿದ್ದೀರಿ ಎಂದು ಅವರನ್ನು ಕಳಿಸುತ್ತಿದ್ದೆ. ಅದನ್ನು ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು. ಇವರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು, ತಮ್ಮನೂ ನಕ್ಕ, ಗುರುತಿಲ್ಲದ ಆ ಸ್ನೇಹಿತರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಇನ್ನೂ ಸ್ವಲ್ಪ ನಗಲಿ ಅನ್ನಿಸಿತು.

ನಗು ಮುಗಿದ ಮೇಲೆ ಕಂಬದ ಬುಡ ನೋಡುತ್ತ ಕೂತರು. ಹಳೇ ಕಂಬ ಯಾಕೆ ಕೊಳೆಯಿತು ಎಂದು ನನ್ನನ್ನೇ ಕೇಳಿದರು. ನೆಲದ ತೇವ ಹತ್ತಿ. ಹಾಗಾದರೆ ಅಡುಗೆಕಟ್ಟೆಗೆ ಹಾಕಿ ಮಿಕ್ಕಿದ ಕಲ್ಲಿನ ಚೂರು ಹಿತ್ತಲಲ್ಲಿದೆಯಲ್ಲ, ಅದರ ದಪ್ಪ ಎಷ್ಟು? ತಮ್ಮ ಓಡಿಹೋಗಿ ತಂದ. ಸರಿಯಾಗಿ ಒಂದು ಬೆರಳು. ಕಂಬದ ಕಾಲಡಿ ಇಟ್ಟರೆ ತೇವವೂ ಹತ್ತುವುದಿಲ್ಲ, ಬೆಳಕೂ ಮುಚ್ಚುತ್ತದೆ. ಇದು ನನಗೆ ಮೊದಲೇ ಹೊಳೆಯಬೇಕಿತ್ತು ಎಂದರು, ನನ್ನ ಕಡೆ ನೋಡದೆ.

ಕಂಬ ನಿಂತಿದೆ. ಅಲುಗಿಸಿ ನೋಡಿದೆ, ಅಲುಗುವುದಿಲ್ಲ.

ಮಾರ್ಚ್ ೫, ಬುಧವಾರ

ಎರಡನೇ ಕಂಬ ಕೊಯ್ದಾಯಿತು. ಅದಕ್ಕೂ ಕಲ್ಲು ಇಡಬೇಕಲ್ಲ, ಬೇಕೆಂದೇ ಒಂದು ಬೆರಳು ಗಿಡ್ಡ. ಮೊನ್ನೆಯ ತಪ್ಪೇ ಇವತ್ತಿನ ಅಳತೆ. ಎಲ್ಲ ಉಕ್ಕಿನ ಟೇಪಿನಲ್ಲೇ.

ವ್ಯಾಯಾಮದಾಕೆ ಬಂದಾಗ ಇವರು ಮನೆಯಲ್ಲಿರಲಿಲ್ಲ. ಕೋಲು ಹಿಡಿದು ಒಬ್ಬರೇ ಶೆಡ್ಡಿಗೆ ಹೋಗಿ ಕೂತಿದ್ದರು. ಆಕೆ ಅಂಗಳದಲ್ಲಿ ನಿಂತು, ಇದು ಯಾವಾಗಿನಿಂದ ಎಂದರು. ನನಗೂ ತಿಳಿಯಲಿಲ್ಲ. ಬ್ಲೇಡು ಬದಲಾಯಿಸುವ ಗಡಿಬಿಡಿಯಲ್ಲಿದ್ದೆ.

ಮಾರ್ಚ್ ೯, ಭಾನುವಾರ

ಜಾಕಿ ಇಳಿಸಿದೆವು. ತಮ್ಮ ಒಂದೊಂದೇ ಸುತ್ತು ಸಡಿಲಿಸುತ್ತಿದ್ದರೆ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಇವರು ಕಂಬಕ್ಕೆ ಕಿವಿ ಆನಿಸಿ ಕೇಳುತ್ತಿದ್ದರು. ಒಂದು ಸಲ ಲಟಕ್ ಎಂದಿತು, ಭಾರ ಕೂತಿತು, ಅಷ್ಟೇ. ಮಾಡು ನಿಂತಿತು.

ತಮ್ಮ ಜಾಕಿಗಳನ್ನು ಗಾಡಿಗೆ ಹಾಕಿಕೊಂಡು ಹೊರಡುವಾಗ, ಹಾಗಾದ್ರೆ ನನ್ನ ಮನೆಗೆ ಬರೋಲ್ಲ ತಾನೇ ಎಂದ. ಊಟಕ್ಕೆ ಕರೆದರೆ ಬರುತ್ತೇವೆ ಎಂದೆ.

ಮಾರ್ಚ್ ೧೧, ಮಂಗಳವಾರ

ಬೆಳಿಗ್ಗೆ ಬಾಗಿಲಲ್ಲಿ ನಾಳೆಪ್ಪ. ಹತಾರದ ಚೀಲ ಸಮೇತ, ನಗುಮುಖ. ಎಲ್ಲಿ ಅಮ್ಮ, ತೊಲೆ ಕೊಯ್ಯಬೇಕು ಎಂದಿರಲ್ಲ. ಶೆಡ್ಡಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಕಂಬ ತಟ್ಟಿ ನೋಡಿದ, ಕೊಯ್ದ ಮುಖಕ್ಕೆ ಮೂಲೆಮಟ್ಟ ಇಟ್ಟು ನೋಡಿದ, ಯಾರನ್ನು ಕರೆಸಿದ್ದಿರಿ ಎಂದು ಮುಖ ಸಣ್ಣದು ಮಾಡಿಕೊಂಡ. ಇವರು ಕುರ್ಚಿಯಿಂದಲೇ ನನ್ನ ಕಡೆ ಗಲ್ಲ ಎತ್ತಿ ತೋರಿಸಿ, "ಇವಳು. ನಾಳೆ ಅನ್ನೋಲ್ಲ" ಎಂದರು. ಪಾಪ, ಚಹಾ ಕೊಟ್ಟು ಕಳಿಸಿದೆ.

ಆತ ಹೋದ ಮೇಲೆ ಇವರು ಹೇಳಿದರು, ನಿನಗೀಗ ದನಿ ಗೊತ್ತಾಗುತ್ತದೆ, ಬೋರ್ಡು ನಿನ್ನ ಕೈಗೆ ಎಟುಕುವ ಹಾಗೆ ಹಾಕಿಸಿಕೋ, ನಾನಿನ್ನು ಯಾಕೆ ಎಂದು. ಆ ದನಿ ನನಗೆ ಹಿಡಿಸಲಿಲ್ಲ. ಅದು ಕೆಡವಿಸಿಬಿಡು ಎಂದ ದಿನದ ದನಿ. ಬಾಕಿ ಇದ್ದ ರವಿಕೆ ಹೊಲಿಯಲು ಕೂತೆ.

ಕೂತವಳು ಎದ್ದು, ಹೊಲಿಗೆ ಮಿಷನ್ನಿನ ಪ್ಲಗ್ಗು ಕಿತ್ತು ತಂದು ಅವರ ಕುರ್ಚಿಯ ಪಕ್ಕದ ಬೋರ್ಡಿಗೆ ಸಿಕ್ಕಿಸಿದೆ. ಕಾರಣ ಏನೂ ಇಲ್ಲ. ಅಲ್ಲಿ ಜಾಗ ಖಾಲಿ ಇತ್ತು. "ಹೊಲಿಗೆಗೇನು, ತಡ ಆದ್ರೂ ಯಾರ ಕೈಯೂ ಹೋಗೋಲ್ಲ" ಎಂದು ಹೇಳಿ ಬಂದು, ಸೂಜಿಗೆ ದಾರ ಹಾಕಿ, ಬಟ್ಟೆ ಜೋಡಿಸಿ ಕಾದೆ.

ಸ್ವಿಚ್ಚು ಬೀಳಲಿಲ್ಲ. ಕುರ್ಚಿ ಕಿರ್ ಎಂದಿತು. ಬೋರ್ಡಿನ ಮೇಲೆ ಬೆರಳು ಜಾರುವ ಸದ್ದು, ಮತ್ತೆ ಜಾರುವ ಸದ್ದು, ಉಸಿರು. ನಾನು ತಿರುಗಿ ನೋಡಲಿಲ್ಲ. ನೋಡಿದರೆ ಎಡಗೈಗೆ ಬದಲಾಯಿಸಿಬಿಡುತ್ತಾರೆ, ಅವರು ನನಗೆ ಗೊತ್ತು. ರವಿಕೆಯ ತೋಳನ್ನು ಬೆರಳಲ್ಲಿ ಹಿಡಿದುಕೊಂಡು ಕೂತೇ ಇದ್ದೆ.

ತುಂಬ ಹೊತ್ತಾದ ಮೇಲೆ ಟಕ್ ಎಂದಿತು. ಮಿಷನ್ನಿನ ದೀಪ ಹತ್ತಿತು.